ಹೋಲಿಕೆಗೆ ಬೇಕಾದ ರಕ್ತ

ಫೆಬ್ರವರಿ. ಕೊಪ್ಪದ ಆಸ್ಪತ್ರೆ ಹಿಂದಿನ ಸಿಲ್ವರ್ ಮರಗಳು
ಉದುರಿಸಿದ್ದೆಲ್ಲ ಲ್ಯಾಬಿನ ಕಿಟಕಿಗೆ ಬಂದು ಕೂತಿದೆ.
ಒಳಗೆ ಸೆಂಟ್ರಿಫ್ಯೂಜ್ ಗುಂಯ್‌ಗುಡುತ್ತಿದೆ,
ಗಿರಣಿಯ ಮರಿಯ ಹಾಗೆ.
ನಿಂತಾಗ ಕೆಳಗೆ ಕೆಂಪು, ಮೇಲೆ ಜೇನುಬಣ್ಣದ ತಿಳಿ.
ನನಗೆ ಬೇಕಾದದ್ದು ಆ ತಿಳಿ.

ಹೂವಿ ಬಂದದ್ದು ಜ್ವರದ ಐದನೇ ದಿನ.
ದರಗು ಗುಡಿಸಲು ಕಾಡಿಗೆ ಹೋಗಿದ್ದವಳು.
ಸತ್ತ ಮಂಗ ನೋಡಿದ್ಯಾ ಎಂದು ಕೇಳಬೇಕು, ಫಾರಮ್ಮಿನಲ್ಲಿದೆ.
"ನೋಡಿಲ್ಲಮ್ಮ. ವಾಸನೆ ಬಂತು."
ಕಣ್ಣು ಕೆಂಡ. ವಸಡಿನಲ್ಲಿ ತೆಳ್ಳಗೆ ರಕ್ತದ ಗೆರೆ.
ಮಂಡಿಯ ಹಿಂದೆ ಉಣುಗು ಕಚ್ಚಿದ ಗುರುತು, ಎಳ್ಳುಕಾಳಿನಷ್ಟು.
ನರ ಸಿಗದೆ ಎರಡು ಸಲ ಚುಚ್ಚಿದೆ.
"ಇಷ್ಟೇ ಇರೋದು," ಅಂದಳು, "ಎಲ್ಲಾ ತಗೋಬೇಡಿ."

ಪ್ಲೇಟ್‌ಲೆಟ್ ನಲವತ್ತೊಂದು ಸಾವಿರ.
ಬಿಳಿಕಣ ಹದಿನೆಂಟು ನೂರು.
ಫೆರಿಟಿನ್ ಯಂತ್ರದ ಅಳತೆ ದಾಟಿತ್ತು.
ಇಂಟರ್‌ಲ್ಯೂಕಿನ್ ಆರು: ಹೆಸರೇನೋ ರೈಲ್ವೆ ಸ್ಟೇಷನ್ನಿನಂತಿದೆ,
ಕೆಲಸ ಮಾತ್ರ ಕೇರಿಗೆ ಬೆಂಕಿ ಬಿದ್ದಾಗ ತಮಟೆ ಬಡಿಯುವವನದು.
ಬಡಿಯದಿದ್ದರೆ ಯಾರೂ ಏಳುವುದಿಲ್ಲ.
ನಿಲ್ಲಿಸದಿದ್ದರೆ, ಆರಿಸಲು ಬಂದವರೇ
ತುಳಿದಾಡಿ ಮನೆ ಕೆಡವುತ್ತಾರೆ.
ಕಾಯಿಲೆ ಎನ್ನುವಾಗಲೆಲ್ಲ
ಅದರೊಳಗೊಂದು ಕಾಯುವುದು ಕೇಳಿಸುತ್ತದೆ ನನಗೆ.
ಕಾಯುವುದೂ ಕೊಂದೀತು.

ಅಧ್ಯಯನಕ್ಕೆ ರೋಗಿಗಳಷ್ಟೇ ಸಾಲದು,
ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು
ಎಂದು ಡಾಕ್ಟರ್ ಸುಹಾಸಿನಿ ಬಾಗಿಲಲ್ಲೇ ನಿಂತು ಹೇಳಿದರು.
ಆಂಬ್ಯುಲೆನ್ಸಿನ ಲಾರೆನ್ಸ್ ಕೊಟ್ಟ, ಸಿಗರೇಟು ಆರಿಸದೆ.
ಆಯಾ ಗಿರಿಯಕ್ಕ ಕಣ್ಣು ಮುಚ್ಚಿ ಮಗ್ಗಿ ಹೇಳುತ್ತಾ ಕೊಟ್ಟಳು.
ನನ್ನ ಎಡಗೈಗೆ ನಾನೇ ಚುಚ್ಚಿಕೊಂಡೆ.
ಚೀಟಿ ಅಂಟಿಸಿದೆ: ಸಿ-ಒಂಬತ್ತು.

ಮೂರು ವಾರಕ್ಕೆ ಫೋನು.
"ಸಿ-ಒಂಬತ್ತು ಯಾರದು ಜುಬೇದಾ?"
ನನ್ನದು.
"ಮಂಗನ ಕಾಯಿಲೆಯ ಲಸಿಕೆ ಹಾಕಿಸ್ಕೊಂಡಿದ್ರಾ?"
ಇಲ್ಲ.
"ಹಾಗಾದ್ರೆ ಯಾವಾಗಲೋ ಬಂದು ಹೋಗಿದೆ."

ಬಂದು ಹೋಗಿದೆ.
ನೆಂಟರು ಮಧ್ಯಾಹ್ನದ ಬಸ್ಸಿಗೆ ಬಂದು ಹೋದ ಹಾಗೆ.

ನನಗೆ ಒಂಬತ್ತು, ಮುನೀರನಿಗೆ ಆರು.
ಅಪ್ಪ ನರಸಿಂಹರಾಜಪುರದ ಸಾಮಿಲ್ಲಿನಲ್ಲಿ.
ಕಾಡಿಂದ ಬಂದ ದಿಮ್ಮಿಗಳ ತೊಗಟೆ ಎಬ್ಬಿ
ಸೌದೆಗೆ ಹೊತ್ತು ತರುತ್ತಿದ್ದೆವು ನಾವಿಬ್ಬರು.
ಜ್ವರವೂ ಇಬ್ಬರಿಗೆ ಒಂದೇ ಚಾಪೆಯಲ್ಲಿ.
ಉಮ್ಮ ಹಳೇ ಪಂಚೆಯೊಂದನ್ನು ಹರಿದು
ಎರಡು ಹಣೆಗೆ ಒದ್ದೆ ಪಟ್ಟಿ ಹಾಕಿದಳು.
ನಾನು ಗಂಜಿ ಕೇಳಿದೆ. ಅವನೂ ಕೇಳಿದ.
ಎದ್ದು ಓಡಾಡಿದ, ಬಾವಿಕಟ್ಟೆಯಲ್ಲಿ ಒಂದಿಡೀ ಸಂಜೆ
ನೀರೆರಚಿ ಆಡಿದ.
ವಾರದ ಮೇಲೆ ಮತ್ತೆ ಜ್ವರ. ಈ ಸಲ ಕತ್ತು ಸೆಟೆದು
ನನ್ನನ್ನೇ ಯಾರು ಅಂದ.

ಟೈಫಾಯಿಡ್ ಅಂದರು. ದೃಷ್ಟಿ ಅಂದರು.
ಉಮ್ಮ ಮಾತ್ರ ನಲವತ್ತು ವರ್ಷದಿಂದ
ಒಂದೇ ಮಾತು: ನೀರಲ್ಲಿ ಆಡಲು ಬಿಟ್ಟವಳು ನಾನು.

ಎರಡನೇ ಜ್ವರ ಈ ಕಾಯಿಲೆಯದೇ ಚಾಳಿ,
ನೀರಿನದಲ್ಲ, ಎನ್ನಬಹುದು ಅವಳಿಗೆ.
ಆದರೆ ಅವನ ರಕ್ತವನ್ನು ಯಾರೂ ತೆಗೆದಿಡಲಿಲ್ಲ.
ಹೋಲಿಸಲು ನನ್ನ ಬಳಿ ಇರುವುದು ನನ್ನದೇ.
ಅದೂ ಈಗ ಲೆಕ್ಕಕ್ಕಿಲ್ಲ: ಸಿ-ಒಂಬತ್ತನ್ನು ಪಟ್ಟಿಯಿಂದ ಹೊಡೆದರು.
ಆರೋಗ್ಯವಂತರ ಸಾಲಿನಲ್ಲಿ ನಾನಿಲ್ಲ,
ರೋಗಿಗಳ ಸಾಲಿನಲ್ಲೂ.

ಆದರೂ ರಾತ್ರಿ ಫೋನು ಮಾಡಿ ಹೇಳಿದೆ.
ಉಮ್ಮ ತುಂಬ ಹೊತ್ತು ಉಸಿರಷ್ಟೇ ಬಿಟ್ಟಳು.
ಆಮೇಲೆ, "ಎಷ್ಟು ರಕ್ತ ತೆಗೆದ್ರು? ಊಟ ಮಾಡಿದ್ಯಾ?"

ಇಪ್ಪತ್ತನೇ ದಿನ ಹೂವಿ ನಡೆದೇ ಬಂದಳು,
ಎರಡನೇ ಸ್ಯಾಂಪಲ್ಲಿಗೆ. ಜ್ವರ ಮರಳಿರಲಿಲ್ಲ.
ಕಾಲಿಗೆ ಇಲಾಖೆಯ ಎಣ್ಣೆ ಹಚ್ಚಿಕೊಂಡಿದ್ದಳು, ತಡವಾಗಿ, ದಂಡಿಯಾಗಿ,
ಕೋಣೆಯೆಲ್ಲ ಅದರದೇ ಘಾಟು.
ಕೇಳುವ ಮೊದಲೇ ತೋಳು ಚಾಚಿ
ಮುಖ ಅತ್ತ ತಿರುಗಿಸಿದಳು.
ಈ ಸಲ ನರ
ಒಂದೇ ಸಲಕ್ಕೆ ಸಿಕ್ಕಿತು.